ಬಾಣಂತನಕ್ಕೆ ಹೊರಟಾಗ ದೊಡ್ಡವಳನ್ನು ಎಲ್ಲಿ ಬಿಡಬೇಕು?

ಶಿರಸಿ ತಾಲ್ಲೂಕಿನ ಹಳ್ಳಿಯೊಂದರಿಂದ ಓದುಗರೊಬ್ಬರು ಬರೆದ ದೀರ್ಘ ಪತ್ರದ ಸಾರಾಂಶ ಹೀಗಿದೆ: “ನನಗೀಗ ಏಳು ತಿಂಗಳು. ಡಿಸೆಂಬರ್ ಕೊನೆಗೆ ಎರಡನೇ ಹೆರಿಗೆ ಆಗಬಹುದೆಂದು ಡಾಕ್ಟರು ಹೇಳಿದ್ದಾರೆ. ಮಗಳಿಗೆ ಎರಡು ವರ್ಷ ಒಂಬತ್ತು ತಿಂಗಳು. ನನ್ನ ತವರು ಕುಮಟಾ ಪೇಟೆಯಲ್ಲಿದೆ. ಬಾಣಂತನಕ್ಕೆ ಬಾ ಎಂದು ಆಯಿ ಕರೆಯುತ್ತಿದ್ದಾಳೆ. ಅದು ಅಡಿಕೆಯ ಕೊನೆಕೊಯ್ಲಿನ (ಗೊನೆ ಕೊಯ್ಯುವ) ಕಾಲವಾದ್ದರಿಂದ ಯಜಮಾನರು ತೋಟ ಬಿಟ್ಟು ಬರುವಂತಿಲ್ಲ. ‘ಕೂಸನ್ನು ಇಲ್ಲೇ ಬಿಟ್ಟು ಹೋಗು, ಮೂರು ತಿಂಗಳು ನಾವು ನೋಡಿಕೊಳ್ಳುತ್ತೇವೆ, ನಿನಗೂ ವಿಶ್ರಾಂತಿ’ ಎಂದು ಅತ್ತೆಯವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದಾರೆ. ಮಗಳು ಇನ್ನೂ ರಾತ್ರಿ ಹಾಲು ಕುಡಿಯುತ್ತಾಳೆ. ಬೇವು ಅರೆದು ಹಚ್ಚಿ ಬಿಡಿಸು ಎನ್ನುವವರೇ ಎಲ್ಲ. ಮನೆಗೆ ಬಂದವರು ‘ಇನ್ನು ನಿನ್ನ ಕಾರುಬಾರು ಮುಗಿಯಿತು’ ಎಂದು ಅವಳನ್ನು ಕಾಡಿಸುತ್ತಾರೆ. ಅವಳು ನನ್ನ ಸೆರಗು ಬಿಡುತ್ತಿಲ್ಲ. ಇನ್ನೊಂದು ಮಗುವಿಗೆ ಇವಳಷ್ಟೇ ಪ್ರೀತಿ ಕೊಡಲು ನನ್ನಿಂದಾದೀತೇ ಎಂಬ ಅಂಜಿಕೆಯನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾರದೆ ನಿಮಗೆ ಬರೆಯುತ್ತಿದ್ದೇನೆ.”

ಪ್ರಿಯ ಸಹೋದರಿ,

ನಿಮ್ಮ ಪತ್ರದಲ್ಲಿ ನಾಲ್ಕಾರು ಪ್ರಶ್ನೆಗಳಿದ್ದರೂ ಅವೆಲ್ಲವೂ ಒಂದೇ ಪ್ರಶ್ನೆಯ ಸುತ್ತ ಇರುವುದರಿಂದ ಮೊದಲು ಅದಕ್ಕೇ ಉತ್ತರಿಸುತ್ತೇನೆ. ಮಗಳನ್ನು ನಿಮ್ಮ ಜೊತೆಗೇ ಕುಮಟಾಕ್ಕೆ ಕರೆದುಕೊಂಡು ಹೋಗಿ. ಅದು ಯಾವ ಕಾರಣಕ್ಕೂ ಸಾಧ್ಯವಿಲ್ಲವೆಂದಾದರೆ ನಿಮ್ಮ ಆಯಿಯನ್ನೇ ಘಟ್ಟದ ಮೇಲಕ್ಕೆ ಕರೆಸಿಕೊಂಡು ಬಾಣಂತನವನ್ನು ಗಂಡನ ಮನೆಯಲ್ಲಿ ಮಾಡಿಸಿಕೊಳ್ಳಿ. ಚೊಚ್ಚಲ ಹೆರಿಗೆ ತವರಿನದು ಎಂಬ ರೂಢಿಯನ್ನು ನಮ್ಮ ಜಿಲ್ಲೆಯಲ್ಲಿ ಬಹುತೇಕ ಮನೆಗಳು ಪಾಲಿಸುತ್ತವೆ. ಎರಡನೆಯದನ್ನು ಆಯಾ ಮನೆಯ ಅನುಕೂಲ ನೋಡಿ ನಿರ್ಧರಿಸುವುದು ಹೊಸತೇನಲ್ಲ. ತಾಯಿ ಒಂದು ಊರಿನಲ್ಲಿ, ಮೂರು ತುಂಬದ ಮಗಳು ಇನ್ನೊಂದು ಊರಿನಲ್ಲಿ ಎಂಬ ಏರ್ಪಾಡನ್ನು ಮಾತ್ರ ನಾನು ಒಪ್ಪಲಾರೆ.

ಆ ವಯಸ್ಸಿನ ಮಗುವಿಗೆ ಮೂರು ತಿಂಗಳೆಂದರೆ ಎಷ್ಟು ಎಂಬುದು ತಿಳಿಯದು. ನೀವು ಹೊರಟು ಹೋದದ್ದು ಗೊತ್ತಾಗುತ್ತದೆಯೇ ಹೊರತು ಮರಳಿ ಬರುತ್ತೀರೆಂಬುದನ್ನು ಅದು ಲೆಕ್ಕ ಹಾಕಿ ಸಮಾಧಾನ ಪಟ್ಟುಕೊಳ್ಳಲಾರದು. ಆಮೇಲೊಂದು ದಿನ ನೀವು ತಿರುಗಿ ಬಂದಾಗ, ತಾನಿಲ್ಲದ ಹೊತ್ತಿನಲ್ಲಿ ನಿಮ್ಮ ಮಡಿಲಲ್ಲಿ ಬೇರೊಂದು ಕೂಸು ಬಂದು ಮಲಗಿರುತ್ತದೆ. ತನ್ನನ್ನು ಬಿಟ್ಟುಹೋದದ್ದಕ್ಕೂ ಈ ಕೂಸಿಗೂ ಸಂಬಂಧವಿದೆಯೆಂದು ಅವಳು ಭಾವಿಸಿದರೆ ತಪ್ಪು ಅವಳದಲ್ಲ, ಏಕೆಂದರೆ ಸಂಬಂಧ ನಿಜವಾಗಿಯೂ ಇದೆ. ಅಜ್ಜಿಯ ಹತ್ತಿರ ಆರಾಮಾಗಿ ಆಡಿಕೊಂಡಿದ್ದಾಳೆ, ಅಳುವುದೇ ಇಲ್ಲ ಎಂದು ಫೋನಿನಲ್ಲಿ ನಿಮಗೆ ಹೇಳುವವರು ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ಅಳದ ಮಗುವೆಲ್ಲ ನೆಮ್ಮದಿಯಾಗಿದೆ ಎಂದು ತಿಳಿಯಬೇಕಾಗಿಲ್ಲ.

ಇನ್ನು ಕೊಯ್ಲಿನ ಮಾತು. ಮಗುವನ್ನು ಬಿಟ್ಟುಹೋಗುವುದಕ್ಕೆ ನಿಮ್ಮ ಮನೆಯವರು ಕೊಟ್ಟ ಕಾರಣವೇ ನನಗೆ ಬಿಡಬಾರದೆಂಬುದಕ್ಕೆ ಕಾರಣವಾಗಿ ಕಾಣುತ್ತದೆ. ಕೊನೆ ಇಳಿಸುವ ದಿನಗಳಲ್ಲಿ ಅಡಿಕೆ ಬೆಳೆಗಾರರ ಮನೆ ಹೇಗಿರುತ್ತದೆ ಎಂಬುದು ನಿಮಗೆ ಗೊತ್ತು. ಬೆಳಗಿನಿಂದ ಕೊನೆಗಳನ್ನು ಹೊತ್ತು ತಂದು ಅಂಗಳಕ್ಕೆ ಸುರಿಯುತ್ತಿರುತ್ತಾರೆ, ಸಂಜೆಯಾದ ಮೇಲೆ ಮೆಟ್ಟುಗತ್ತಿಗಳ ಸಾಲು ಹಾಕಿಕೊಂಡು ಸುಲಿಯುವವರು ಕೂರುತ್ತಾರೆ, ಕೆಂಪಡಿಕೆ ಮಾಡುವ ಮನೆಯಾದರೆ ಹಿತ್ತಿಲ ಒಲೆಯ ಮೇಲೆ ಹಂಡೆ ಕುದಿಯುತ್ತಿರುತ್ತದೆ, ಇಷ್ಟು ಜನರ ಚಹಾ ತಿಂಡಿ ಊಟ ನೋಡಬೇಕಾದವರು ಅತ್ತೆಯವರೇ. ಮಂಡಿ ನೋಯುವ ವಯಸ್ಸಿನಲ್ಲಿ ಅವರು ಮೂರು ವರ್ಷದ, ಹಾರುವ ಓಡುವ ಹುಡುಗಿಯ ಹಿಂದೆ ಎಷ್ಟು ಹೊತ್ತು ತಿರುಗಿಯಾರು? ಹರಿತವಾದ ಕತ್ತಿ, ಕುದಿವ ನೀರು, ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟೇ ದಪ್ಪದ ಹಸಿ ಅಡಿಕೆ, ಇವೆಲ್ಲ ಕೈಗೆಟಕುವಲ್ಲಿ ಬಿದ್ದಿರುವ ಆ ತಿಂಗಳುಗಳಲ್ಲಿ ಮನೆಯಲ್ಲಿ ಎಂಟು ಜನರಿದ್ದರೂ ಮಗುವನ್ನೇ ನೋಡಿಕೊಳ್ಳುವವರು ಯಾರೂ ಇರುವುದಿಲ್ಲ.

ನಿಮ್ಮ ಆಯಿಗೆ ಇದು ಭಾರವಾಗುತ್ತದೆಯೆಂಬುದನ್ನು ನಾನು ಮರೆತಿಲ್ಲ. ಬಾಣಂತಿಗೆ ಎಣ್ಣೆ ನೀರು, ಕಷಾಯ, ಪಥ್ಯದ ಅಡುಗೆ, ಕೂಸಿನ ಮೀಯುವಿಕೆ, ಬಟ್ಟೆ ಒಗೆತ, ಇವುಗಳ ನಡುವೆ ದೊಡ್ಡವಳ ಹಟವನ್ನೂ ಒಬ್ಬರೇ ಸಂಭಾಳಿಸಲಿ ಎನ್ನುವುದು ನ್ಯಾಯವಲ್ಲ. ಆದ್ದರಿಂದ ಬಟ್ಟೆ ಪಾತ್ರೆಗೆ ಆ ತಿಂಗಳುಗಳ ಮಟ್ಟಿಗೆ ಒಬ್ಬ ಸಹಾಯಕಿಯನ್ನು ಗೊತ್ತು ಮಾಡಿಕೊಳ್ಳಿ, ಅದರ ಖರ್ಚನ್ನು ಗಂಡನ ಮನೆಯವರು ಕೊಡಲಿ. ನಿಮ್ಮ ಯಜಮಾನರು ಬರಲಾಗುವುದೇ ಇಲ್ಲ ಎಂಬ ಮಾತನ್ನು ಕೂಡ ಸ್ವಲ್ಪ ಒರೆಗೆ ಹಚ್ಚಿ ನೋಡಬೇಕು. ಕೊಯ್ಲು ಒಂದೇ ಬಾರಿಗೆ ಮುಗಿಯುವಂಥದ್ದಲ್ಲ; ಹಣ್ಣಾದಂತೆ ಎರಡು ಮೂರು ಸಲವಾಗಿ ನಡೆಯುತ್ತದೆ, ಕೊನೆ ಇಳಿಸುವವರೂ ಊರಿನ ಹಲವು ತೋಟಗಳಿಗೆ ಸರದಿಯಂತೆ ಹೋಗುತ್ತಾರೆ. ಒಂದು ಕೊಯ್ಲಿಗೂ ಇನ್ನೊಂದಕ್ಕೂ ನಡುವೆ ದಿನಗಳು ಸಿಗುತ್ತವೆ. ಶಿರಸಿಯಿಂದ ಕುಮಟಾ ಸುಮಾರು 60 ಕಿಲೋಮೀಟರ್. ವಾರಕ್ಕೊಮ್ಮೆ ಬಂದು ಒಂದು ರಾತ್ರಿ ಉಳಿದು, ಆ ಹೊತ್ತು ಪೂರ್ತಿ ದೊಡ್ಡವಳಿಗೇ ಕೊಟ್ಟು, ಅವಳನ್ನು ಸಮುದ್ರದ ದಂಡೆಗೆ ಕರೆದುಕೊಂಡು ಹೋಗಿ ಬಂದರೆ ಆ ವಾರವಿಡೀ ನಿಮ್ಮ ಆಯಿಗೆ ಅರ್ಧ ಕೆಲಸ ಕಡಿಮೆಯಾಗುತ್ತದೆ. ಚಿಕ್ಕ ಕೂಸನ್ನು ನೋಡಲು ಬರುವ ತಂದೆ ಬೇರೆ, ದೊಡ್ಡವಳ ಸಲುವಾಗಿ ಬರುವ ತಂದೆ ಬೇರೆ. ನಿಮಗೆ ಈಗ ಬೇಕಾದವರು ಎರಡನೆಯವರು.

ಹೋಗುವುದಾದರೆ ತಡಮಾಡಬೇಡಿ. ದೊಡ್ಡಹಬ್ಬ (ದೀಪಾವಳಿ) ಮುಗಿಸಿಕೊಂಡು, ನಿಮ್ಮ ಡಾಕ್ಟರನ್ನು ಕೇಳಿ, ನವೆಂಬರ್ ಮುಗಿಯುವುದರೊಳಗೆ ಘಟ್ಟ ಇಳಿಯುವುದು ಒಳ್ಳೆಯದು. ಮಗುವಿಗೆ ತವರಿನ ಮನೆ, ಅಲ್ಲಿಯ ಹಾಸಿಗೆ, ಅಜ್ಜಿಯ ಕೈಯೂಟ ರೂಢಿಯಾದ ಮೇಲೆ ಹೊಸ ಕೂಸು ಬರಲಿ. ಎರಡೂ ಬದಲಾವಣೆ ಒಂದೇ ವಾರದಲ್ಲಿ ಬೇಡ. ಇನ್ನೊಂದು ಕಾರಣವೂ ಇದೆ. ಮೊದಲ ಹೆರಿಗೆಯ ನೋವು ಅರ್ಧ ದಿನಕ್ಕೂ ಮೀರಿ ಎಳೆಯುವುದುಂಟು. ಎರಡನೆಯದು ಸಾಮಾನ್ಯವಾಗಿ ಬೇಗ ಮುಂದುವರಿಯುತ್ತದೆ. ಪೇಟೆಯಿಂದ ದೂರದ ಹಳ್ಳಿಯಲ್ಲಿ ನೋವು ಕಾಣಿಸಿಕೊಂಡ ಮೇಲೆ ನಡುರಾತ್ರಿ ಘಟ್ಟದ ತಿರುವುಗಳಲ್ಲಿ ವಾಹನ ಓಡಿಸುವ ಪ್ರಸಂಗವನ್ನು ತಂದುಕೊಳ್ಳಬಾರದು. ಹಿಂದಿನ ಸಲ ಹೊರಟಷ್ಟು ಹೊತ್ತು ಈ ಸಲ ಕಾಯಬೇಡಿ. ವಾಹನ ಸಿಗದಿದ್ದರೆ 108ಕ್ಕೆ ಕರೆ ಮಾಡಿ. ತಾಯಿ ಕಾರ್ಡನ್ನು ಮರೆಯದೆ ಒಯ್ದು, ಕುಮಟಾಕ್ಕೆ ಹೋದ ವಾರದಲ್ಲೇ ಆ ವಾರ್ಡಿನ ಆಶಾ ಕಾರ್ಯಕರ್ತೆಗೆ ತೋರಿಸಿ. ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯ ವಿಷಯವಾಗಿ ನೀವು ಪತ್ರದ ಅಂಚಿನಲ್ಲಿ ಕೇಳಿದ್ದೀರಿ: ಎರಡನೆಯ ಮಗು ಹೆಣ್ಣಾದರೆ ಅರ್ಹ ಕುಟುಂಬಗಳಿಗೆ 6,000 ರೂಪಾಯಿ ಸಿಗುತ್ತದೆ, ಆದರೆ ಬಸುರಿಯಾಗಿರುವಾಗಲೇ ಹೆಸರು ನೋಂದಾಯಿಸಿರಬೇಕು. ನಿಮ್ಮೂರಿನ ಅಂಗನವಾಡಿಯಲ್ಲಿ ಈ ವಾರವೇ ವಿಚಾರಿಸಿ.

ಇಷ್ಟು ಬೇಗ ಎರಡನೆಯದೇ ಎಂದು ಕೇಳಿದ ನೆರೆಮನೆಯವರಿಗೆ ನೀವು ಉತ್ತರಿಸುವ ಅಗತ್ಯವಿಲ್ಲ. ಒಂದು ಹೆರಿಗೆಯಾದ ಮೇಲೆ ಮತ್ತೆ ಗರ್ಭ ಧರಿಸಲು ಕನಿಷ್ಠ 24 ತಿಂಗಳ ಅಂತರವಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಿಮ್ಮ ಲೆಕ್ಕ ಅದಕ್ಕಿಂತ ಹೆಚ್ಚೇ ಇದೆ.

ಹಾಲಿನ ವಿಷಯ. ತೊಂದರೆಯಿಲ್ಲದ ಬಸುರಿನಲ್ಲಿ ದೊಡ್ಡ ಮಗು ಹಾಲು ಕುಡಿದರೆ ಗರ್ಭಕ್ಕೆ ಅಪಾಯವಿಲ್ಲ. ರಕ್ತಸ್ರಾವವಾಗಿದ್ದರೆ ಅಥವಾ ಹಿಂದೆ ದಿನ ತುಂಬುವ ಮೊದಲೇ ಹೆರಿಗೆಯಾಗಿದ್ದರೆ ಮಾತ್ರ ಡಾಕ್ಟರ ಮಾತಿನಂತೆ ನಡೆಯಬೇಕು. ಬಸುರಿನ ನಡುವಿನ ತಿಂಗಳುಗಳಿಂದ ಹಾಲು ಕಡಿಮೆಯಾಗಿ ರುಚಿಯೂ ಬದಲಾಗುವುದರಿಂದ ಎಷ್ಟೋ ಮಕ್ಕಳು ತಾವಾಗಿಯೇ ಬಿಡುತ್ತಾರೆ. ಬಿಡಿಸಲೇಬೇಕೆಂದಿದ್ದರೆ ಈಗಿನಿಂದ ನಿಧಾನವಾಗಿ, ರಾತ್ರಿ ಮಲಗಿಸುವ ಕೆಲಸವನ್ನು ಅವಳ ತಂದೆಗೆ ವಹಿಸುವ ಮೂಲಕ ಬಿಡಿಸಿ. ಬೇವಿನ ಕಹಿ ಒಂದೇ ರಾತ್ರಿಯಲ್ಲಿ ಕೆಲಸ ಮಾಡುತ್ತದೆಂಬುದು ಹೌದು. ಹೊಸ ಕೂಸು ಬರುವ ಹೊಸ್ತಿಲಿನಲ್ಲಿ ತಾಯಿಯ ಎದೆಯೇ ಕಹಿಯಾಯಿತೆಂದು ಮಗುವಿಗೆ ಕಲಿಸುವುದು ನನಗಂತೂ ಸರಿ ಕಾಣದು. ಹೆರಿಗೆಯಾದ ಮೇಲೂ ಅವಳು ಕೇಳಿದರೆ, ಗಿಣ್ಣುಹಾಲು ಮೊದಲು ಚಿಕ್ಕದಕ್ಕೆ, ಅದರ ಹೊಟ್ಟೆ ತುಂಬಿದ ನಂತರ ಇವಳಿಗೆ ಎಂಬ ಕ್ರಮವಿಟ್ಟುಕೊಳ್ಳಿ. ಕೂಸು ಕುಡಿಯುವಾಗ ಕಿಬ್ಬೊಟ್ಟೆ ಹಿಂಡಿದಂತೆ ನೋಯುವುದು ಎರಡನೇ ಸಲ ಜಾಸ್ತಿ. ಗರ್ಭಕೋಶ ಸಂಕುಚಿಸಿ ಮೊದಲಿನಂತಾಗುವ ನೋವದು, ಅದಕ್ಕೆ ಗಾಬರಿಯಾಗಬೇಡಿ.

ಬಾಣಂತಿಯ ಕೋಣೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಹೊನ್ನಾವರದ ಕಡೆಯ ಮನೆಯೊಂದರಲ್ಲಿ ನಾನು ಕಂಡದ್ದು ಇದು: ಬಾಗಿಲು ಅರೆ ತೆರೆದ ಕತ್ತಲೆ ಕೋಣೆಯಲ್ಲಿ ಬಾಣಂತಿ ಮಲಗಿದ್ದರೆ, ಹೊರಗೆ ಹೊಸ್ತಿಲಿನ ಮೇಲೆ ಅವಳ ಹಿರಿಯ ಮಗ ಒಂದು ಕಾಲನ್ನು ಒಳಗಿಟ್ಟು ಹಿಂದಕ್ಕೆ ತೆಗೆದುಕೊಳ್ಳುವುದನ್ನು ಆಟದಂತೆ ಮಾಡುತ್ತಿದ್ದ. ಹಾದುಹೋಗುವ ದೊಡ್ಡವರು ಒಬ್ಬೊಬ್ಬರೂ ಒಂದೊಂದು ಕಾರಣ ಹೇಳುತ್ತಿದ್ದರು: ಪುರುಡು, ಮುಟ್ಟಬಾರದು, ಶೀತವಾಗುತ್ತದೆ, ಕೂಸು ಎಚ್ಚರಾಗುತ್ತದೆ. ಕೊನೆಗೆ ಅವನು ಬಾಗಿಲ ಚಿಲಕವನ್ನು ಜೋರಾಗಿ ಬಡಿಯತೊಡಗಿದ, ಬೈಗುಳ ತಿಂದ. ಹನ್ನೊಂದನೆಯ ದಿನದ ಪುಣ್ಯಾಹದವರೆಗಿನ ಆಚರಣೆಯನ್ನು ಹಿರಿಯರು ನಡೆಸಿಕೊಳ್ಳಲಿ, ಆದರೆ ಮೂರು ವರ್ಷದ ಮಗುವಿಗೆ ಅದರಿಂದ ವಿನಾಯಿತಿ ಕೊಟ್ಟರೆ ಯಾವ ದೇವರೂ ಮುನಿಯಲಾರ. ಕೈ ತೊಳೆದುಕೊಂಡು ಒಳಗೆ ಬರಲಿ, ನಿಮ್ಮ ಪಕ್ಕದಲ್ಲಿ ಕೂರಲಿ. ಆಸ್ಪತ್ರೆಯಲ್ಲಿ ಅವಳು ಮೊದಲ ಸಲ ನಿಮ್ಮನ್ನು ನೋಡಲು ಬರುವಾಗ ಕೂಸನ್ನು ತೊಟ್ಟಿಲಿನಲ್ಲಿ ಮಲಗಿಸಿ, ನಿಮ್ಮ ಎರಡೂ ಕೈ ಖಾಲಿಯಾಗಿರಲಿ.

ಅವಳಿಗೊಂದು ಕೆಲಸವನ್ನೂ ಕೊಡಿ. ಹಳೆಯ ಹತ್ತಿ ಸೀರೆಗಳನ್ನು ಹರಿದು ಕೂಸಿನ ಬಟ್ಟೆ ಮಾಡುವುದು ಈಗಲೇ ನಡೆಯಬೇಕಲ್ಲವೇ? ಹರಿದ ತುಂಡುಗಳನ್ನು ಮಡಚಿ ಬುಟ್ಟಿಗೆ ಹಾಕುವುದು ಅವಳದಾಗಲಿ. ಸೊಟ್ಟಪಟ್ಟ ಮಡಚಿದ್ದನ್ನು ಅವಳ ಎದುರಿಗೇ ಬಿಚ್ಚಿ ಮತ್ತೆ ಮಡಚಬೇಡಿ. ಆದರೆ “ನೀನೀಗ ಅಕ್ಕ, ದೊಡ್ಡವಳು, ಹಟ ಮಾಡಬಾರದು” ಎಂಬ ಉಪದೇಶ ಬೇಡ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಬಹುದು, ತೊದಲಬಹುದು, ತನಗೂ ತುತ್ತು ಮಾಡಿ ತಿನ್ನಿಸೆಂದು ಕೂರಬಹುದು. ತಿನ್ನಿಸಿ. ಕೆಲವು ವಾರಗಳಲ್ಲಿ ಅದು ತಾನಾಗಿ ಹೋಗುತ್ತದೆ, ನಾಚಿಕೆಪಡಿಸಿದರೆ ಉಳಿದುಕೊಳ್ಳುತ್ತದೆ.

ಎಚ್ಚರಿಕೆಯ ಮಾತುಗಳು ಚಿಕ್ಕವು. ಎಷ್ಟೇ ಪ್ರೀತಿಯಿಂದಿದ್ದರೂ ಇಬ್ಬರನ್ನೇ ಒಂದು ಕೋಣೆಯಲ್ಲಿ ಬಿಟ್ಟು ಹೋಗಬೇಡಿ. ಬಾಳೆಹಣ್ಣಿನ ಚೂರನ್ನು ತಮ್ಮನ ಅಥವಾ ತಂಗಿಯ ಬಾಯಿಗಿಡುವುದು ಆ ವಯಸ್ಸಿಗೆ ಪ್ರೀತಿಯೇ. ಮೊದಲ ಆರು ತಿಂಗಳು ಕೂಸಿಗೆ ಎದೆಹಾಲಲ್ಲದೆ ಬೇರೇನೂ ಬೇಡ, ನಾಲಿಗೆಗೆ ಸವರುವ ಜೇನುತುಪ್ಪವೂ ಬೇಡ. ದೊಡ್ಡವಳಿಗೆ ಒಂದೂವರೆ ವರ್ಷದ ಹೊತ್ತಿಗೆ ಹಾಕಿಸಬೇಕಾದ, ನಾಯಿಕೆಮ್ಮು ಮುಂತಾದವನ್ನು ತಡೆಯುವ ಬೂಸ್ಟರ್ ಮತ್ತು ದಡಾರದ ಎರಡನೇ ಲಸಿಕೆ ಬಾಕಿ ಉಳಿದಿದ್ದರೆ ಈಗಲೇ ಹಾಕಿಸಿ, ಏಕೆಂದರೆ ನಾಯಿಕೆಮ್ಮಿನಂಥದ್ದು ಎಳೆ ಕೂಸಿಗೆ ಹೆಚ್ಚಾಗಿ ಮನೆಯವರಿಂದಲೇ ತಗಲುವುದು.

ಕಾಡಿಸುವವರ ವಿಷಯದಲ್ಲಿ ನೀವು ತುಸು ಗಟ್ಟಿಯಾಗಲೇಬೇಕು. ಮಗುವನ್ನು ಅಳಿಸಿ ನಗುವುದು ನಮ್ಮಲ್ಲಿ ಒಂದು ಮನರಂಜನೆಯಾಗಿ ಬಿಟ್ಟಿದೆ. ‘ಹಾಗೆ ಹೇಳಬೇಡಿ, ಅವಳು ನಿಜವೆಂದೇ ನಂಬುತ್ತಾಳೆ’ ಎಂದು ಅವಳ ಎದುರಿನಲ್ಲೇ ಹೇಳಿ. ನೆಂಟರಿಗೆ ಬೇಸರವಾದರೆ ಆಗಲಿ, ಆದರೆ ತನ್ನ ಪಕ್ಷ ವಹಿಸುವವರಿದ್ದಾರೆಂದು ಮಗುವಿಗೆ ಗೊತ್ತಾಗುತ್ತದೆ. ಕೂಸನ್ನು ನೋಡಲು ಬರುವವರು ಮೊದಲು ಇವಳನ್ನು ಮಾತಾಡಿಸಲಿ ಎಂದು ನಿಮ್ಮ ಆಯಿ ಬಾಗಿಲಲ್ಲೇ ಹೇಳಿಬಿಡಲಿ.

ಇನ್ನು ನಿಮ್ಮ ಅಂಜಿಕೆ. ಹುಟ್ಟದ ಮಗುವಿನ ಮೇಲೆ, ಮಡಿಲಲ್ಲಿ ಆಡುತ್ತಿರುವ ಮಗುವಿನ ಮೇಲಿದ್ದಷ್ಟೇ ಪ್ರೀತಿ ಈಗಲೇ ಹುಟ್ಟಬೇಕೆಂದು ನಿಮ್ಮನ್ನು ಯಾರು ಕೇಳಿದರು? ಮೊದಲನೆಯವಳ ಮೇಲಿನ ಪ್ರೀತಿಗೆ ಎರಡು ವರ್ಷ ಒಂಬತ್ತು ತಿಂಗಳ ನಿದ್ದೆಗೇಡು, ಜ್ವರ, ನಗುವಿನ ಆಸ್ತಿ ಇದೆ. ಹೊಸತಾಗಿ ಬಂದದ್ದರ ಹತ್ತಿರ ಇನ್ನೂ ಏನೂ ಇಲ್ಲ, ಸಮಯ ಕೊಡಿ. ಹೆರಿಗೆಯಾದ ಮೊದಲ ವಾರದಲ್ಲಿ ದೊಡ್ಡವಳನ್ನು ನೆನೆದು ಕಾರಣವಿಲ್ಲದೆ ಅಳು ಬರಬಹುದು; ಅದು ಬಹಳ ತಾಯಂದಿರಿಗೆ ಬರುತ್ತದೆ, ಹೋಗುತ್ತದೆ. ಎರಡು ವಾರ ಕಳೆದರೂ ಮಂಕು ಇಳಿಯದೆ, ನಿದ್ದೆ ಹತ್ತದೆ, ಯಾವ ಮಗುವಿನ ಮೇಲೂ ಮನಸ್ಸೇ ಹೋಗದಂತಾದರೆ ಅದನ್ನು ಬಾಣಂತಿ ಸ್ವಭಾವವೆಂದು ಸುಮ್ಮನಿರದೆ ಡಾಕ್ಟರಿಗೆ ತಿಳಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇಷ್ಟನ್ನು ಅತ್ತೆಯವರಿಗೆ ಹೇಗೆ ಹೇಳುವುದೆಂದು ನೀವು ಯೋಚಿಸುತ್ತಿರಬಹುದು. ಹೇಳಬೇಕಾದವರು ನೀವಲ್ಲ, ನಿಮ್ಮ ಯಜಮಾನರು. ಸೊಸೆ ಹೇಳಿದರೆ ‘ನಮ್ಮ ಮೇಲೆ ನಂಬಿಕೆಯಿಲ್ಲ’ ಎಂದಾಗುತ್ತದೆ. ಮಗ ‘ಆಯಿ, ಕೊಯ್ಲಿನಲ್ಲಿ ನಿನಗೆ ಅಷ್ಟು ಹೊರೆ ಬೇಡ, ಕೂಸು ಅವಳ ಜೊತೆಗೇ ಇರಲಿ’ ಎಂದರೆ ಅದು ಕಾಳಜಿಯಾಗುತ್ತದೆ, ಮತ್ತು ಅದು ನಿಜವೂ ಹೌದು. ಹಬ್ಬಕ್ಕೆ ಮೊದಲೇ ಈ ಮಾತು ಮುಗಿದಿರಲಿ. ಹಬ್ಬಕ್ಕೆ ಬಂದ ನೆಂಟರೆಲ್ಲ ಸೇರಿ ಮಗುವಿನ ವಾಸ್ತವ್ಯವನ್ನು ತೀರ್ಮಾನಿಸಲು ಕೂತರೆ ಆಮೇಲೆ ಬದಲಾಯಿಸುವುದು ಕಷ್ಟ. ನಾಮಕರಣಕ್ಕೆ ಅತ್ತೆಯವರನ್ನು ಹಿಂದಿನ ದಿನವೇ ಕುಮಟಾಕ್ಕೆ ಕರೆಸಿಕೊಳ್ಳಿ, ಆ ರಾತ್ರಿ ಮೊಮ್ಮಗಳು ಅವರ ಪಕ್ಕದಲ್ಲಿ ಮಲಗಲಿ.

— ಸಂಪಾದಕ