ಕುದುರೆಯ ಮುರಿದ ಕಾಲಿಗೆ ಪ್ಲೇಟು ಹಾಕಿಸಿದ್ದೇವೆ, ಎಕ್ಸ್‌ರೇ ಚೆನ್ನಾಗಿದೆ. ಇನ್ನು ಭಯವಿಲ್ಲ ತಾನೇ?

ಭಯ ಇನ್ನೂ ಇದೆ. ನಾನು ಪಶುವೈದ್ಯ. ನೀವು ಮುರಿದ ಕಾಲನ್ನೇ ನೋಡುತ್ತ ಕುಳಿತಿದ್ದೀರಿ. ನಾನಾಗಿದ್ದರೆ ಅದರ ಜೋಡಿ ಕಾಲಿನ ಮೇಲೆ ಕಣ್ಣಿಡುತ್ತಿದ್ದೆ.

ಒಂದು ಗಂಡಾಂತರ ಈಗಾಗಲೇ ಕಳೆದಿದೆ. ಅರಿವಳಿಕೆ ಇಳಿಯುವಾಗ ಕುದುರೆಗೆ ತೋಚುವುದು ಒಂದೇ, ಎದ್ದು ಓಡುವುದು. ಮೆತ್ತೆ ಹೊದಿಸಿದ ಕೋಣೆಯಲ್ಲಿ ತಲೆಗೊಂದು, ಬಾಲಕ್ಕೊಂದು ಹಗ್ಗ ಬಿಗಿದು ನಾವು ಉಸಿರು ಬಿಗಿಹಿಡಿದು ನಿಲ್ಲುವ ಹೊತ್ತು ಅದು. 1975ರಲ್ಲಿ ಅಮೆರಿಕದ ರಫಿಯನ್ ಎಂಬ ಹೆಣ್ಣು ಕುದುರೆ ಎಚ್ಚರವಾಗುತ್ತಲೇ ಒದ್ದಾಡಿ ಕಟ್ಟನ್ನೆಲ್ಲ ಒಡೆದುಕೊಂಡಿತು. ಕೊನೆಗೆ ದಯಾಮರಣ ನೀಡಬೇಕಾಯಿತು. ನಿಮ್ಮದು ಎದ್ದು ನಿಂತಿದೆಯಲ್ಲ, ಅಷ್ಟು ಸಮಾಧಾನ.

ಈಗ ಜೋಡಿ ಕಾಲಿನ ವಿಷಯ. ಸುಮಾರು 500 ಕಿಲೋ ತೂಗುವ ಪ್ರಾಣಿ ನೋಯುವ ಕಾಲನ್ನು ಎತ್ತಿ ಹಿಡಿದರೆ ಆ ಕಾಲಿನ ಪಾಲಿನ ಭಾರ ಬಹುಮಟ್ಟಿಗೆ ಪಕ್ಕದ ಕಾಲಿಗೆ ಬೀಳುತ್ತದೆ. ಗೊರಸಿನೊಳಗಿನ ಮೂಳೆಯನ್ನು ಗೊರಸಿನ ಗೋಡೆಗೆ ಹಿಡಿದಿಡುವ ಸೂಕ್ಷ್ಮ ಪದರಗಳಿಗೆ ರಕ್ತ ಸರಿಯಾಗಿ ಹರಿಯದೆ ಅವು ಸಡಿಲಗೊಳ್ಳುತ್ತವೆ, ಮೂಳೆ ಕೆಳಗೆ ಕುಸಿಯುತ್ತದೆ. ಇದೇ ಲ್ಯಾಮಿನೈಟಿಸ್. ಅಮೆರಿಕದ ಹೆಸರಾಂತ ಕುದುರೆ ರೇಸು ಕೆಂಟಕಿ ಡರ್ಬಿ ಗೆದ್ದ ಬಾರ್ಬರೋ ಎಂಬ ಕುದುರೆ 2006ರ ಮೇ 20ರಂದು ಬಲ ಹಿಂಗಾಲು ಮುರಿದುಕೊಂಡಿತು. ಪ್ಲೇಟು, 27 ಸ್ಕ್ರೂ ಹಾಕಿ ಜೋಡಿಸಿದರು. ಮೂಳೆ ಕೂಡಿಕೊಳ್ಳುತ್ತಿರುವಾಗಲೇ, ಜುಲೈನಲ್ಲಿ, ಎಡ ಹಿಂಗಾಲಿಗೆ ಲ್ಯಾಮಿನೈಟಿಸ್ ಬಂತು. ಆ ಗೊರಸಿನ ಗೋಡೆಯ ಬಹುಭಾಗವನ್ನೇ ಕತ್ತರಿಸಿ ತೆಗೆದರು. ಕಡೆಗೆ ಮುಂಗಾಲುಗಳಿಗೂ ತಗುಲಿ, 2007ರ ಜನವರಿ 29ರಂದು ದಯಾಮರಣ ನೀಡಿದರು.

ಆದ್ದರಿಂದ ದಿನಾ ಬೆಳಿಗ್ಗೆ ಗಟ್ಟಿ ಕಾಲಿನ ಗೊರಸಿಗೆ ಅಂಗೈ ಹಿಂಬದಿ ಇಟ್ಟು ನೋಡಿ. ಬಿಸಿ ಆರದೆ ಉಳಿದರೆ, ಗೊರಸಿಗಿಂತ ತುಸು ಮೇಲೆ ಸಿಗುವ ನಾಡಿ ಜೋರಾಗಿ ಬಡಿಯುತ್ತಿದ್ದರೆ ತಡಮಾಡದೆ ವೈದ್ಯರನ್ನು ಕರೆಯಿರಿ. ಇನ್ನೊಂದು ಮಾತು. ಕುದುರೆ ಇದ್ದಕ್ಕಿದ್ದಂತೆ ಶಸ್ತ್ರಚಿಕಿತ್ಸೆಯಾದ ಕಾಲನ್ನು ಊರತೊಡಗಿದರೆ ಮನೆಯವರೆಲ್ಲ ಹಿಗ್ಗುತ್ತಾರೆ. ನನಗೆ ಮಾತ್ರ ಆಗ ಎದೆ ಧಸಕ್ಕೆನ್ನುತ್ತದೆ, ಏಕೆಂದರೆ ಆ ಇನ್ನೊಂದು ಕಾಲು ಇದಕ್ಕಿಂತ ಹೆಚ್ಚು ನೋಯುತ್ತಿರಬಹುದು. ಊರುತ್ತಿದ್ದ ಶಸ್ತ್ರಚಿಕಿತ್ಸೆಯ ಕಾಲನ್ನು ತಟ್ಟನೆ ಎತ್ತಿಕೊಂಡರೆ, ಜ್ವರ ಬಂದರೆ, ಪಟ್ಟಿ ಒದ್ದೆಯಾಗಿ ವಾಸನೆ ಬಂದರೆ ಸೋಂಕೋ ಸ್ಕ್ರೂ ಸಡಿಲವಾಗಿದೆಯೋ ನೋಡಿಸಬೇಕು. ಮೊಣಕಾಲಿನ ಕೆಳಗೆ ಮಾಂಸಖಂಡವೇ ಇಲ್ಲ, ಬರೀ ಚರ್ಮ, ಸ್ನಾಯುರಜ್ಜು, ಮೂಳೆ. ಅಲ್ಲಿ ಸೋಂಕು ಹೊಕ್ಕರೆ ಸುಲಭಕ್ಕೆ ಬಿಡುವುದಿಲ್ಲ.

ಲದ್ದಿಯ ಲೆಕ್ಕವನ್ನೂ ಬರೆದಿಡಿ. ನಿಂತಲ್ಲೇ ನಿಂತ ಕುದುರೆಗೆ ಹೊಟ್ಟೆ ಕಟ್ಟಿಕೊಳ್ಳುತ್ತದೆ.

ಮುರಿದದ್ದು ಮುಂಗಾಲೋ ಹಿಂಗಾಲೋ ನೀವು ಬರೆದಿಲ್ಲ. ಮುಂಗಾಲಾದರೆ ಇನ್ನೂ ಎಚ್ಚರ ಬೇಕು, ಮೈಭಾರದ ಸುಮಾರು ಶೇ 60ರಷ್ಟು ಅಲ್ಲೇ ಬೀಳುತ್ತದೆ. ಗಟ್ಟಿ ಕಾಲಿನ ಗೊರಸಿನ ಅಡಿಗೆ ಆಧಾರ ಕೊಡಿಸಬಹುದೇ ಎಂದು ನಿಮ್ಮ ವೈದ್ಯರನ್ನು ಇವತ್ತೇ ಕೇಳಿ.