ಪ್ರಶ್ನೆ: 2⁶⁷ − 1 ಅವಿಭಾಜ್ಯ ಎಂದು ಫರ್ಮಾ ಪರೀಕ್ಷೆ ಹೇಳುತ್ತಿದೆ. ಆಧಾರ 2 ಇಟ್ಟಿದ್ದೇನೆ. ಪ್ರೋಗ್ರಾಂ ಇನ್ನೂ ವೇಗವಾಗಿ ಓಡಲು ಏನು ಮಾಡಬೇಕು?

ಉತ್ತರ: ವೇಗದ ಮಾತು ಬಿಡಿ, ಪರೀಕ್ಷೆಯೇ ತಪ್ಪು. ಆಧಾರವನ್ನು, ಪರೀಕ್ಷಿಸುವ ಸಂಖ್ಯೆಗಿಂತ 1 ಕಡಿಮೆ ಘಾತಕ್ಕೇರಿಸಿ ಅದೇ ಸಂಖ್ಯೆಯಿಂದ ಭಾಗಿಸಿದಾಗ ಶೇಷ 1 ಬಂದರೆ ಪಾಸ್ ಎನ್ನುವುದಷ್ಟೇ ಫರ್ಮಾ ಪರೀಕ್ಷೆ. ಇದನ್ನೇ ನಂಬಿ ನಾನು ಎಂ.ಎಸ್‌ಸಿ.ಯಲ್ಲಿ ಒಂದು ಸೆಮಿಸ್ಟರ್ ಕಳೆದುಕೊಂಡಿದ್ದೇನೆ.

ನನ್ನ ಪ್ರಾಜೆಕ್ಟ್ ಮರ್ಸೆನ್ ಸಂಖ್ಯೆಗಳ ಮೇಲಿತ್ತು. 100ರೊಳಗಿನ 25 ಅವಿಭಾಜ್ಯ ಸಂಖ್ಯೆಗಳನ್ನು ಒಂದೊಂದಾಗಿ 2ರ ಘಾತಸೂಚಿಯಾಗಿಟ್ಟು, 1 ಕಳೆದು, ಬಂದದ್ದನ್ನು ನಿಮ್ಮಂತೆಯೇ ಪರೀಕ್ಷಿಸಿದೆ. ಇಪ್ಪತ್ತೈದೂ ಪಾಸಾದವು. ಒಂದೂ ಬೀಳದಿದ್ದಾಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ. ಪಟ್ಟಿಯನ್ನು ಬೈಂಡ್ ಮಾಡಿಸಿ ಒಪ್ಪಿಸಿದೆ. ಮೌಖಿಕ ಪರೀಕ್ಷೆಯ ದಿನ ಪರೀಕ್ಷಕರು ಐದನೆಯ ಸಾಲಿನ ಮೇಲೆ ಬೆರಳಿಟ್ಟರು. ಅಂಚಿನಲ್ಲಿ ಪೆನ್ಸಿಲಿನಿಂದ 23 × 89 ಎಂದು ಬರೆದು ಪುಸ್ತಕ ಮುಚ್ಚಿದರು.

ಆ ಸಾಲಿನಲ್ಲಿದ್ದದ್ದು 2¹¹ − 1, ಅಂದರೆ 2047. ಎಡವಿದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳುತ್ತೇನೆ, ನಿಧಾನವಾಗಿ ಓದಿ. 2¹¹ ಎಂದರೆ 2048. 2047ರಿಂದ ಭಾಗಿಸಿದರೆ ಶೇಷ 1. ಹಾಗಾಗಿ ಘಾತಸೂಚಿ 11ರ ಯಾವ ಗುಣಕವಾದರೂ ಶೇಷ 1 ಬಂದೇ ಬರುತ್ತದೆ. ಪರೀಕ್ಷೆ ಕೇಳುವುದು 2ರ 2046ನೇ ಘಾತವನ್ನು. 2046 = 11 × 186. ಉತ್ತರ 1 ಬಾರದೆ ಇನ್ನೇನು ಬಂದೀತು? ಇದು 11ರ ಕಥೆ ಮಾತ್ರವಲ್ಲ. ಘಾತಸೂಚಿ ಅವಿಭಾಜ್ಯವಾಗಿದ್ದರೆ 2ರ ಆ ಘಾತದಿಂದ 2 ಕಳೆದಾಗ ಬರುವ ಸಂಖ್ಯೆಯನ್ನು (11ಕ್ಕೆ 2046 ಬಂದಂತೆ, ಪರೀಕ್ಷೆ ಬಳಸುವ ಘಾತ ಇದೇ) ಘಾತಸೂಚಿ ನಿಶ್ಶೇಷವಾಗಿ ಭಾಗಿಸುತ್ತದೆ. ಇದನ್ನು ಹೇಳುವುದು ಫರ್ಮಾನ ಕಿರು ಪ್ರಮೇಯವೇ. ಅಂದರೆ ನೀವು ಪರೀಕ್ಷಿಸಿದ್ದು 67 ಅವಿಭಾಜ್ಯವೇ ಎಂಬುದನ್ನಷ್ಟೇ. ದೊಡ್ಡ ಸಂಖ್ಯೆಯನ್ನು ನೀವು ಮುಟ್ಟಿಯೇ ಇಲ್ಲ. ನನ್ನ 25ರಲ್ಲಿ ನಿಜಕ್ಕೂ ಅವಿಭಾಜ್ಯವಾಗಿದ್ದವು ಹತ್ತೇ.

ಈ ಸಂಖ್ಯೆಗಳಿಗೆ ಹೆಸರು ಕೊಟ್ಟ ಮರ್ಸೆನ್ ಕೂಡ 1644ರಲ್ಲಿ, ಅವಿಭಾಜ್ಯ ಕೊಡುವ ಘಾತಸೂಚಿಗಳ ತನ್ನ ಪಟ್ಟಿಗೆ 67ನ್ನು ಸೇರಿಸಿದ್ದ. 2⁶⁷ − 1 ಸಂಯುಕ್ತ ಸಂಖ್ಯೆ ಎಂದು 1876ರಲ್ಲಿ ಗಣಿತಜ್ಞ ಲ್ಯೂಕಾಸ್ ತೋರಿಸಿದ, ಅಪವರ್ತನಗಳನ್ನು 1903ರಲ್ಲಿ ಗಣಿತಜ್ಞ ಕೋಲ್ ಕೊಟ್ಟ: 193707721 × 761838257287. ಕೈಯಲ್ಲೇ ಗುಣಿಸಿ ನೋಡಿ, ಒಂದು ಸಂಜೆ ಹೋದರೂ ಪರವಾಗಿಲ್ಲ.

ಆಧಾರವನ್ನು 3 ಮಾಡಿದರೆ 2047 ಸಿಕ್ಕಿಬೀಳುತ್ತದೆ, ನಿಜ. 2024ರಲ್ಲಿ ಸಿಕ್ಕ, 4,10,24,320 ಅಂಕಿಗಳ 2¹³⁶²⁷⁹⁸⁴¹ − 1 ಕೂಡ ಮೊದಲು ಆಧಾರ 3ರ ಪರೀಕ್ಷೆಯಲ್ಲೇ ಕಣ್ಣಿಗೆ ಬಿತ್ತು. ಆದರೂ ಅದನ್ನು ಅವಿಭಾಜ್ಯವೆಂದು ಸಾರಿದ್ದು ಲ್ಯೂಕಾಸ್–ಲೆಹ್ಮರ್ ಪರೀಕ್ಷೆ ದೃಢಪಡಿಸಿದ ಮೇಲೆಯೇ. ನೀವೂ ಅದನ್ನೇ ಬರೆಯಿರಿ. 4ರಿಂದ ಶುರು ಮಾಡಿ; ವರ್ಗ ಮಾಡಿ, 2 ಕಳೆದು, ಪರೀಕ್ಷಿಸುವ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಿ. ಘಾತಸೂಚಿಗಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಅಲ್ಲ (ಘಾತಸೂಚಿ 2 ಮಾತ್ರ ಇದಕ್ಕೆ ಹೊರತು). ಘಾತಸೂಚಿ 7ಕ್ಕೆ 4, 14, 67, 42, 111, 0 ಬರಬೇಕು. 11ಕ್ಕೆ ಕೊನೆಯಲ್ಲಿ 1736 ಉಳಿಯಬೇಕು. ಇವೆರಡೂ ಸರಿಯಾಗಿ ಬಂದ ಮೇಲೆ 67ನ್ನು ಕೊಡಿ.