ಎರಡು ಗೆರೆ ಕಂಡ ದಿನವೇ ಮಾತ್ರೆ ಎಸೆಯಬೇಡಿ

ಗರ್ಭಿಣಿಯರು ಮನೋರೋಗದ ಮಾತ್ರೆ ನುಂಗಬಹುದೇ ಎಂಬ ಪ್ರಶ್ನೆ ಈ ಅಂಕಣಕ್ಕೆ ಮತ್ತೆ ಮತ್ತೆ ಬರುತ್ತಿದೆ. ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಹೆಚ್ಚಿನವರು ಮಾತ್ರೆ ಬಿಟ್ಟು ವಾರಗಳಾದ ಮೇಲೆ, ಕಾಯಿಲೆ ಮರಳಿದ ಮೇಲೆ ಬರೆಯುತ್ತಾರೆ. ಬಿಡುವ ಮೊದಲು ಕೇಳಿದ್ದರೆ ಅಷ್ಟೂ ಸಂಕಟ ತಪ್ಪುತ್ತಿತ್ತು.

ಪ್ರಶ್ನೆ: ಖಿನ್ನತೆಗೆ ಎರಡು ವರ್ಷದಿಂದ ಸರ್ಟ್ರಲಿನ್ 100 ಮಿ.ಗ್ರಾಂ ತೆಗೆದುಕೊಳ್ಳುತ್ತಿದ್ದೆ. ಗರ್ಭಿಣಿ ಎಂದು ಗೊತ್ತಾದ ದಿನವೇ ಬಿಟ್ಟೆ. ಈಗ ಎಂಟನೇ ವಾರ. ನಿದ್ದೆ ಇಲ್ಲ, ಸುಮ್ಮಸುಮ್ಮನೆ ಅಳು ಬರುತ್ತದೆ. ಮಾತ್ರೆ ತಿಂದರೆ ಮಗು ಮಂಕಾಗಿ, ಭಾವನೆಗಳೇ ಇಲ್ಲದೆ ಹುಟ್ಟುತ್ತದೆ ಎಂದು ಅತ್ತೆಯೂ ಮೆಡಿಕಲ್ ಅಂಗಡಿಯವರೂ ಹೇಳಿದರು. ಏನು ಮಾಡಲಿ?

ಮಾತ್ರೆ ಬರೆದುಕೊಟ್ಟ ವೈದ್ಯರಿಗೆ ಇವತ್ತೇ ಫೋನ್ ಮಾಡಿ. ಥಟ್ಟನೆ ಬಿಟ್ಟಾಗ ಆಗುವ ತಲೆಸುತ್ತು, ಮೈಯಲ್ಲಿ ಕರೆಂಟ್ ಹೊಡೆದಂತಾಗುವುದು, ಕಿರಿಕಿರಿ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತವೆ. ನೀವು ಬಿಟ್ಟು ಅದಕ್ಕಿಂತ ಹೆಚ್ಚು ದಿನವಾಗಿರುವಂತಿದೆ. ಆದ್ದರಿಂದ ಈಗಿನ ಅಳು, ನಿದ್ದೆಗೇಡು ಹಳೆಯ ಖಿನ್ನತೆ ಮರಳುತ್ತಿರುವ ಲಕ್ಷಣವೇ ಇರಬಹುದು. ಮತ್ತೆ ಶುರು ಮಾಡುವಾಗ ನೀವಾಗಿಯೇ 100ಕ್ಕೆ ಹಾರಬೇಡಿ. ಸಾಮಾನ್ಯವಾಗಿ 25 ಅಥವಾ 50ರಿಂದ ಆರಂಭಿಸಿ ಏರಿಸುತ್ತಾರೆ.

2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಗರ್ಭಿಣಿಯಾದಾಗ ಖಿನ್ನತೆಯ ಮಾತ್ರೆ ಬಿಟ್ಟವರಲ್ಲಿ ನೂರಕ್ಕೆ 68 ಮಂದಿಗೆ ಕಾಯಿಲೆ ಮರಳಿತು. ಮುಂದುವರಿಸಿದವರಲ್ಲಿ 26 ಮಂದಿಗೆ ಮಾತ್ರ. ಅವರು ಪದೇ ಪದೇ ಖಿನ್ನತೆಗೆ ಬಿದ್ದಿದ್ದ ಹೆಂಗಸರು. ಒಮ್ಮೆ ಮಾತ್ರ, ಅದೂ ಹಗುರವಾಗಿ ಬಂದುಹೋದವರಿಗೆ ಇಷ್ಟು ಅಪಾಯವಿಲ್ಲ. ನಿಮ್ಮ ಮೊದಲಿನ ಕಾಯಿಲೆ ಎಷ್ಟು ತೀವ್ರವಾಗಿತ್ತು, ಎಷ್ಟು ಸಲ ಬಂದಿತ್ತು ಎಂಬುದನ್ನು ನೋಡಿಯೇ ಮಾತ್ರೆ ಬೇಕೋ ಬೇಡವೋ ನಿರ್ಧರಿಸಬೇಕು. ಅಂಗಡಿಯ ಕೌಂಟರಿನಲ್ಲಿ ನಿಂತವರಿಗೆ ಆ ಚರಿತ್ರೆ ತಿಳಿದಿಲ್ಲ, ಆ ಮಾತು ಹೇಳುವ ಅಧಿಕಾರವೂ ಅವರಿಗಿಲ್ಲ.

ಇನ್ನು ಮಗುವಿನ ಮಾತು. ಯಾವ ಮಾತ್ರೆಯನ್ನೂ ಮುಟ್ಟದ ತಾಯಂದಿರಲ್ಲೂ ನೂರಕ್ಕೆ ಸುಮಾರು ಮೂರು ಮಕ್ಕಳು ಏನಾದರೂ ಅಂಗದೋಷದೊಂದಿಗೆ ಹುಟ್ಟುತ್ತವೆ. ಸರ್ಟ್ರಲಿನ್‌ನಿಂದ ಆ ಸಂಖ್ಯೆ ಹೇಳಿಕೊಳ್ಳುವಷ್ಟು ಏರುವುದಿಲ್ಲ. ನಿಜವಾಗಿ ಕಾಣುವ ತೊಂದರೆ ಬೇರೆ: ಕೊನೆಯ ತಿಂಗಳುಗಳಲ್ಲಿ ಸರ್ಟ್ರಲಿನ್ ಗುಂಪಿನ ಮಾತ್ರೆ ತೆಗೆದುಕೊಂಡವರ ಹಸುಗೂಸುಗಳಲ್ಲಿ ಹತ್ತಕ್ಕೆ ಸುಮಾರು ಮೂರಕ್ಕೆ ಮೊದಲ ಒಂದೆರಡು ದಿನ ಮೈ ಅದುರುತ್ತದೆ, ಅಳು ಹೆಚ್ಚುತ್ತದೆ, ಮೊಲೆ ಚೀಪುವುದು ನಿಧಾನವಾಗುತ್ತದೆ, ಉಸಿರು ಜೋರಾಗುತ್ತದೆ. ಬಹುಪಾಲು ಕೆಲವೇ ದಿನಗಳಲ್ಲಿ, ಹೆಚ್ಚೆಂದರೆ ಎರಡು ವಾರದಲ್ಲಿ ತಾನೇ ಇಳಿಯುತ್ತದೆ. ಅದಕ್ಕೇ ಹೆರಿಗೆಯಾದ ಮರುದಿನವೇ ಮನೆಗೆ ಹೊರಡಬೇಡಿ. ಮಗು ಕನಿಷ್ಠ 48 ಗಂಟೆ ಮಕ್ಕಳ ವೈದ್ಯರ ಕಣ್ಣಳತೆಯಲ್ಲಿರಲಿ. ಶ್ವಾಸಕೋಶದ ರಕ್ತನಾಳದ ಒತ್ತಡ ಇಳಿಯದೆ ಉಸಿರಿಗೆ ಕಷ್ಟವಾಗುವ ಗಂಭೀರ ತೊಂದರೆಯೂ ಒಂದಿದೆ. ಅದು ಸಾವಿರಕ್ಕೆ ಎರಡರಿಂದ ಸುಮಾರು ಮೂರಕ್ಕೆ ಏರುತ್ತದೆ, ಅಷ್ಟೆ. ಇದಕ್ಕೆ ಹೆದರಿ ಒಂಬತ್ತನೇ ತಿಂಗಳಲ್ಲಿ ಮಾತ್ರೆ ಬಿಡುವವರಿದ್ದಾರೆ. ಹೆರಿಗೆಯ ನಂತರದ ವಾರಗಳಲ್ಲೇ ಕಾಯಿಲೆ ಮರಳುವ ಅಪಾಯ ಹೆಚ್ಚು. ಆಗಲೇ ರಕ್ಷಣೆ ಕಳಚಿದಂತಾಗುತ್ತದೆ.

ಭಾವನೆಗಳಿಲ್ಲದ ಮಗು ಹುಟ್ಟುತ್ತದೆ ಎಂಬುದು ಶುದ್ಧ ಸುಳ್ಳು. ಆಟಿಸಂ ಬರುತ್ತದೆ ಎಂಬ ಭಯಕ್ಕೆ ಮೂಲವಿದೆ: ಬರೀ ಲೆಕ್ಕ ನೋಡಿದರೆ, ಮಾತ್ರೆ ತೆಗೆದುಕೊಂಡವರ ಮಕ್ಕಳಲ್ಲಿ ಅದು ತುಸು ಹೆಚ್ಚು ಕಾಣುತ್ತದೆ. ಆದರೆ 2017ರಲ್ಲಿ ಸ್ವೀಡನ್ ಮತ್ತು ಕೆನಡಾದ ಎರಡು ದೊಡ್ಡ ಅಧ್ಯಯನಗಳು ಒಬ್ಬಳೇ ತಾಯಿಯ ಮಕ್ಕಳನ್ನು, ಒಂದು ಬಸಿರಿನಲ್ಲಿ ಮಾತ್ರೆ ಇದ್ದು ಇನ್ನೊಂದರಲ್ಲಿ ಇಲ್ಲದವರನ್ನು, ಹೋಲಿಸಿ ನೋಡಿದಾಗ ಗಮನಾರ್ಹ ವ್ಯತ್ಯಾಸ ಉಳಿಯಲಿಲ್ಲ. ಕಂಡ ಹೆಚ್ಚಳದ ಬಹುಪಾಲು ತಾಯಿಯ ಕಾಯಿಲೆಗೆ, ವಂಶಕ್ಕೆ ಸೇರಿದ್ದು.

ಮಗುವಿನ ಭಾವ ಬೆಳೆಯುವುದು ಎದುರಿಗಿರುವ ಮುಖ ನೋಡಿ. ಎಡ್ವರ್ಡ್ ಟ್ರಾನಿಕ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು 1970ರ ದಶಕದಲ್ಲಿ ಒಂದು ಸರಳ ಪ್ರಯೋಗ ಮಾಡಿದರು. ಕೂಸಿನ ಜೊತೆ ಆಡುತ್ತಿದ್ದ ತಾಯಿ ಕೆಲವು ನಿಮಿಷ ಮುಖದಲ್ಲಿ ಯಾವ ಭಾವವನ್ನೂ ತೋರದೆ ಸುಮ್ಮನೆ ನೋಡಬೇಕು. ಕೂಸು ಮೊದಲು ನಗುತ್ತದೆ, ಕೈ ಚಾಚುತ್ತದೆ, ಕೂಗಿ ಕರೆಯುತ್ತದೆ. ಉತ್ತರ ಬರದಿದ್ದಾಗ ಮುಖ ತಿರುಗಿಸಿಕೊಂಡು ಸೊರಗುತ್ತದೆ. ಚಿಕಿತ್ಸೆಯಿಲ್ಲದ ಖಿನ್ನತೆ ತಾಯಿಯ ಮುಖವನ್ನು ತಿಂಗಳುಗಟ್ಟಲೆ ಹಾಗೆ ಮಾಡಬಲ್ಲದು. ಅದು ಆಕೆಯ ತಪ್ಪಲ್ಲ, ಕಾಯಿಲೆಯ ಕೆಲಸ. ಮಗು ಮಂಕಾದೀತು ಎಂದು ಅಂಜುವ ಮನೆಯವರು ಅಂಜಬೇಕಾದ್ದು ಇದಕ್ಕೆ.

ಬಾಣಂತನದಲ್ಲಿ ನಿಮಗೆ ಶಕ್ತಿ ಇಲ್ಲದ ದಿನ ಅಜ್ಜಿಯೋ ಗಂಡನೋ ಆ ಕೆಲಸಕ್ಕೆ ಕೂರಲಿ. ಮಗು ಹೊಟ್ಟೆ ತುಂಬಿ ಎಚ್ಚರವಿದ್ದಾಗ, ಮುಖವನ್ನು 20–30 ಸೆಂ.ಮೀ. ಹತ್ತಿರ ತಂದು, ಒಂದು ಮಾತಾಡಿ ಕಾಯಬೇಕು. ಅದು ‘ಊಂ’ ಎಂದರೆ ಮರುಮಾತು. ಮುಖ ತಿರುಗಿಸಿದರೆ ಸಾಕಾಯಿತು ಎಂದರ್ಥ, ಬಿಟ್ಟುಬಿಡಿ. ದಿನಕ್ಕೆ ಹಲವು ಸಲ, ಐದೈದು ನಿಮಿಷ.

ಭಯಕ್ಕೆ ಅರ್ಧ ಡೋಸ್ ತೆಗೆದುಕೊಳ್ಳುವುದು ಎಲ್ಲಕ್ಕಿಂತ ಕೆಟ್ಟ ರಾಜಿ: ಮಗುವಿಗೆ ಔಷಧಿಯೂ ತಲುಪುತ್ತದೆ, ನಿಮ್ಮ ಕಾಯಿಲೆಯೂ ಉಳಿಯುತ್ತದೆ. ಕೊನೆಯ ಮೂರು ತಿಂಗಳಲ್ಲಿ ಕೆಲವರಿಗೆ ಡೋಸ್ ಏರಿಸಬೇಕಾದೀತು. ಸೀಮಂತ ಮುಗಿಸಿ ತವರಿಗೆ ಹೋಗುವಾಗ ಊರು ಬದಲಾಗುತ್ತದೆ, ಆಸ್ಪತ್ರೆ ಬದಲಾಗುತ್ತದೆ, ಮಾತ್ರೆ ತಪ್ಪುವುದು ಅಲ್ಲೇ. ಚೀಟಿ, ಒಂದು ತಿಂಗಳಿಗೆ ಹೆಚ್ಚುವರಿ ಮಾತ್ರೆ, ವೈದ್ಯರ ನಂಬರ್ ಜೊತೆಗಿರಲಿ. ಹೊಸ ಆಸ್ಪತ್ರೆಯ ಫೈಲಿನ ಮೊದಲ ಪುಟದಲ್ಲೇ ಮಾತ್ರೆಯ ಹೆಸರು ಬರೆಸಿ. ಸರ್ಟ್ರಲಿನ್ ಎದೆಹಾಲಿಗೆ ಬಹಳ ಕಡಿಮೆ ಸೇರುತ್ತದೆ, ಹಾಲು ಹಿಂಡಿ ಚೆಲ್ಲಬೇಕಿಲ್ಲ. ಸಾಯುವ ಯೋಚನೆ ಬಂದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಮನೆಯವರಿಗೆ ಹೇಳಿ, ಅಂದೇ ಆಸ್ಪತ್ರೆಗೆ ಹೋಗಿ. 14416, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಹಗಲು ರಾತ್ರಿ ಉತ್ತರಿಸುತ್ತದೆ.

ಪ್ರಶ್ನೆ: ಹಾಗಾದರೆ ಎಲ್ಲ ಮಾತ್ರೆಯೂ ಸುರಕ್ಷಿತವೇ? ನನಗೆ ಬೈಪೋಲಾರ್‌ಗೆ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ತೂಗಾಡುವ ಕಾಯಿಲೆಗೆ) ವಾಲ್‌ಪ್ರೋಯೇಟ್ ಕೊಟ್ಟಿದ್ದಾರೆ.

ಅಲ್ಲ. ವಾಲ್‌ಪ್ರೋಯೇಟ್ ಬಸಿರಿನಲ್ಲಿ ಬೇಡವೇ ಬೇಡ. ನೂರಕ್ಕೆ ಸುಮಾರು ಹತ್ತು ಮಕ್ಕಳಿಗೆ ಅಂಗದೋಷ, 30–40 ಮಕ್ಕಳಿಗೆ ಮಾತು, ಕಲಿಕೆ, ಬುದ್ಧಿಯ ಬೆಳವಣಿಗೆಯಲ್ಲಿ ತೊಂದರೆ. ಫೋಲಿಕ್ ಆಸಿಡ್ ಈ ಹಾನಿಯನ್ನು ಅಳಿಸಿಹಾಕುವುದಿಲ್ಲ. ಮಗು ಬೇಕೆನಿಸುವ ಮೊದಲೇ ಬೇರೆ ಔಷಧಿಗೆ ಬದಲಾಗಬೇಕು. ಹೆರುವ ವಯಸ್ಸಿನವರಿಗೆ ಇದನ್ನು ವಿವರಿಸದೆ ಬರೆದುಕೊಡುವ ವೈದ್ಯರ ಮೇಲೆ ನನಗೆ ಕೋಪವಿದೆ. ಈಗಾಗಲೇ ಗರ್ಭಿಣಿಯಾಗಿದ್ದರೆ ಅಂದೇ ವೈದ್ಯರನ್ನು ಕಾಣಿ. ನೀವಾಗಿಯೇ ನಿಲ್ಲಿಸಬೇಡಿ, ಅದರಲ್ಲೂ ಫಿಟ್ಸ್ ಇದ್ದರೆ.

ಪ್ರಶ್ನೆ: ಬೈಪೋಲಾರ್‌ಗೆ ಲಿಥಿಯಂ ಮಾತ್ರೆ ತೆಗೆದುಕೊಳ್ಳುವವಳು ಬಾಣಂತಿ ಪಥ್ಯ ಮಾಡಬಹುದೇ?

ನೀರು, ಉಪ್ಪು ಕಡಿಮೆ ಮಾಡುವ ಪಥ್ಯ ಖಂಡಿತ ಕೂಡದು. ಬಸಿರಿನಲ್ಲಿ ಕಿಡ್ನಿ ಲಿಥಿಯಂ ಅನ್ನು ಬೇಗ ಹೊರಹಾಕುತ್ತದೆ. ಅದಕ್ಕೆ ಪ್ರತಿ ತಿಂಗಳು, ಕೊನೆಯ ತಿಂಗಳಲ್ಲಿ ವಾರವಾರ, ಮಾತ್ರೆ ನುಂಗಿ 12 ಗಂಟೆಗೆ ರಕ್ತ ಪರೀಕ್ಷೆ ಮಾಡಿ ಡೋಸ್ ಹೊಂದಿಸುತ್ತೇವೆ. ಹೆರಿಗೆಯಾದೊಡನೆ ಕಿಡ್ನಿ ಹಳೆಯ ವೇಗಕ್ಕೆ ಮರಳುತ್ತದೆ. ಏರಿಸಿದ ಡೋಸ್ ಆಗಲೇ ಇಳಿಸಬೇಕು. ಸರಿಯಾಗಿ ಅದೇ ಹೊತ್ತಿಗೆ ನೀರು ಕೊಡದೆ, ಸಪ್ಪೆ ಊಟ ಹಾಕಿ, ಬೆಚ್ಚನೆ ಕೋಣೆಯಲ್ಲಿ ಬೆವರಿಸಿದರೆ ಲಿಥಿಯಂ ರಕ್ತದಲ್ಲಿ ವಿಷದ ಮಟ್ಟಕ್ಕೆ ಏರುತ್ತದೆ. ಸಿಸೇರಿಯನ್ ನೋವಿಗೆ ಕೊಡುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೂಡ ಏರಿಸುತ್ತವೆ, ಪ್ಯಾರಾಸಿಟಮಾಲ್ ಕೇಳಿ. ಕೈ ಜೋರಾಗಿ ನಡುಗುವುದು, ವಾಂತಿ-ಭೇದಿ, ತೊದಲು, ತೂರಾಡುವ ನಡಿಗೆ ಕಂಡರೆ ಮುಂದಿನ ಮಾತ್ರೆ ಕೊಡದೆ ಆಸ್ಪತ್ರೆಗೆ ಓಡಿ.

ಪ್ರಶ್ನೆ: ಬಾಣಂತಿ ಸನ್ನಿಗೆ ತಾಯತ ಕಟ್ಟಿಸಿದ್ದೇವೆ. ಹೆರಿಗೆಯಾಗಿ ಆರು ದಿನ. ಮಲಗುವುದಿಲ್ಲ, ಇದು ನನ್ನ ಮಗುವಲ್ಲ ಎನ್ನುತ್ತಾಳೆ.

ಇದು ತುರ್ತುಸ್ಥಿತಿ, ಇವತ್ತು ರಾತ್ರಿಯೇ ಕರೆದೊಯ್ಯಿರಿ. ತಾಯಿ-ಮಗುವನ್ನು ಒಂಟಿಯಾಗಿ ಬಿಡಬೇಡಿ, ಮಂತ್ರವಾದಿಯ ಮುಂದೆ ಒಂದು ಗಂಟೆಯನ್ನೂ ಕಳೆಯಬೇಡಿ. ದಾಖಲಾದರೆ ಮಗು ದೂರವಾಗುತ್ತದೆ ಎಂಬ ಭಯ ಬೇಡ: ಮೂರು ವರ್ಷದೊಳಗಿನ ಮಗುವನ್ನು ಚಿಕಿತ್ಸೆಯಲ್ಲಿರುವ ತಾಯಿಯಿಂದ ಸಾಮಾನ್ಯವಾಗಿ ಬೇರ್ಪಡಿಸುವಂತಿಲ್ಲ ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಳ್ಳುವ ವಾರ್ಡ್ ಇದೆ.

ಪ್ರಶ್ನೆ: ಸೈಡ್ ಎಫೆಕ್ಟ್ ಇಲ್ಲದ ನಾಟಿ ಪುಡಿ ಕೊಡುತ್ತಾರೆ, ತೆಗೆದುಕೊಳ್ಳಲೇ?

ಬೇಡ. ಒಳಗೇನಿದೆ ಎಂದು ಬರೆಯದ ಪುಡಿಯಲ್ಲಿ ಸೀಸವೂ ಇರಬಹುದು.

ಪ್ರಶ್ನೆ: ನಾನು ಬಸಿರಿನಲ್ಲಿ ಮಾತ್ರೆ ತೆಗೆದುಕೊಂಡಿದ್ದೆ. ಮಗುವಿಗೆ ಐದು ವಾರ, ಇನ್ನೂ ನನ್ನ ನೋಡಿ ನಗುವುದಿಲ್ಲ.

ಮುಖ ನೋಡಿ ನಗುವುದು ಆರರಿಂದ ಎಂಟನೇ ವಾರಕ್ಕೆ. ದಿನ ತುಂಬುವ ಮೊದಲೇ ಹುಟ್ಟಿದ್ದರೆ ಹೆರಿಗೆಗೆ ಕೊಟ್ಟಿದ್ದ ತಾರೀಕಿನಿಂದ ಎಣಿಸಿ. ಮೂರು ತಿಂಗಳಾದರೂ ನಗದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ, ಮೊದಲು ಕಣ್ಣು ಮತ್ತು ಕಿವಿ ಪರೀಕ್ಷೆ ಮಾಡಿಸಿ.